ಹೋಳಿಗೆ ತಿಂದ ಕೌದಿ

ಕುಕನೂರು
ಮೇ 13, 2025, ಮಂಗಳವಾರ

ಒಡಿಶಾದಲ್ಲಿ ಕ್ರೇನಿನ ಮೇಲೆ ಕೂತಿರುವ ಮನೆ ಯಜಮಾನರಿಗೆ, ಕುಕನೂರಿನಲ್ಲಿ ನೆಲದ ಮೇಲೆ ಕೂತಿರುವ ಅನ್ನಪೂರ್ಣಳ ನಮಸ್ಕಾರಗಳು.

ನಿಮ್ಮ ಸೊಂಟ ಹೇಗಿದೆ? ಕ್ರೇನಿನ ಕುರ್ಚಿಗೆ ದಿಂಬು ಹಾಕಿಕೊಳ್ಳಿ ಎಂದು ಹೋದ ತಿಂಗಳೇ ಹೇಳಿದ್ದೆ, ಹಾಕಿಕೊಂಡಿರಲಿಕ್ಕಿಲ್ಲ. ಸಾಸಿವೆ ಎಣ್ಣೆಯ ಅಡುಗೆ ಈಗಲಾದರೂ ಒಗ್ಗಿತೇ? ಗಿಣಿಗೇರಾದ ಶಾನವಾಜ ರಜೆ ಮುಗಿಸಿಕೊಂಡು ಇವತ್ತೇ ಮರಳಿ ನಿಮ್ಮಲ್ಲಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಶೇಂಗಾ ಚಟ್ನಿ, ಅಗಸಿ ಚಟ್ನಿ, ಒಂದು ಕಟ್ಟು ಒಣಗಿಸಿದ ಕಟಕ್ ರೊಟ್ಟಿ ಮತ್ತು ಈ ಪತ್ರ ಕೊಡುತ್ತಿದ್ದೇನೆ. ರೊಟ್ಟಿಯನ್ನು ರೂಮಿನ ಗೆಳೆಯರಿಗೆಲ್ಲ ಹಂಚಿ ಹೆಸರು ಮಾಡಿಕೊಳ್ಳಬೇಡಿ, ನಿಮಗೆ ಈಗಾಗಲೇ ಬೇಕಾದಷ್ಟು ಹೆಸರಿದೆ. ಇಲ್ಲಿ ನಾವು ಮೂವರೂ ಆರಾಮ. ಬಿಸಿಲು ಎಷ್ಟಿದೆ ಎಂದರೆ ಹಂಚಿನ ಮೇಲೆ ಹಪ್ಪಳ ಬೇಡ, ನನ್ನನ್ನೇ ಇಟ್ಟರೂ ಸುಡುತ್ತದೆ. ನಿಮಗೆ ಒಡಿಶಾ, ನನಗೆ ಈ ದಶಾ.

ಫೋನಿರುವಾಗ ಪತ್ರ ಯಾಕೆ ಎನ್ನುತ್ತೀರಿ. ಫೋನು ಎಂಬುದು ನನ್ನ ಪಾಲಿಗೆ ಇದೆ ಎಂದು ನಿಮಗೆ ಯಾರು ಹೇಳಿದರು? ರವಿವಾರ ಅದು ರಿಂಗಾದ ಕೂಡಲೇ ಇಬ್ಬರೂ ಮಕ್ಕಳು ಅದರ ಮೇಲೆ ಬೀಳುತ್ತಾರೆ. ಬಾಗಿಲು ಮುಂದೆ ಮಾಡಿಕೊಂಡು ಒಳಗೆ ನಗುತ್ತಾರೆ. ಕೊನೆಗೆ ಬಿಸಿಯಾದ ಫೋನು ನನ್ನ ಕೈಗೆ ಬರುತ್ತದೆ, ನೀವು "ಊಟ ಆತೇನು?" ಅನ್ನುತ್ತೀರಿ, ನಾನು "ಆತ್ರಿ" ಅನ್ನುತ್ತೇನೆ, ಅಷ್ಟರಲ್ಲಿ ನಿಮ್ಮ ಶಿಫ್ಟಿನ ಹೊತ್ತಾಗಿರುತ್ತದೆ. ವಾರವೆಲ್ಲ ಅವರಿಗೆ ಉಣಿಸಿ, ಓದಿಸಿ, ಹೇನು ತೆಗೆದವಳಿಗೆ ಸಿಗುವುದು ಎರಡು ಶಬ್ದ. ವಾರಕ್ಕೊಮ್ಮೆ ಬಾಯಿಮಾತಿನಲ್ಲಿ ಬಂದು ಹೋಗುವವನಿಗೆ ಸಿಗುವುದು ಆ ನಗು. ಇದನ್ನು ಹೊಟ್ಟೆಕಿಚ್ಚು ಎನ್ನುತ್ತಾರೆಂದು ನನಗೆ ಗೊತ್ತು, ನೀವು ಹೇಳಿಕೊಡಬೇಕಾಗಿಲ್ಲ. ಈ ಸಲದ ರವಿವಾರ ನಿಮಗೆ ಡಬಲ್ ಶಿಫ್ಟು ಬಿದ್ದು ಫೋನೇ ಬರಲಿಲ್ಲವಲ್ಲ, ಇಬ್ಬರೂ ಮೋರೆ ಸಣ್ಣ ಮಾಡಿಕೊಂಡು ಕೂತಿದ್ದರು. ನಾನು ಎದುರಿಗೇ ಇದ್ದೆ.

ಮನೆಯನ್ನೇ ಸಾಲಿ ಮಾಡಿಕೊಂಡು ಎರಡು ವರ್ಷವಾಯಿತು. ಯಾಕೆ ಮಾಡಿಕೊಂಡೆವೆಂಬುದು ನಮ್ಮಿಬ್ಬರಿಗೂ ಗೊತ್ತು, ಆದರೂ ಈ ಪತ್ರಕ್ಕೆ ಅದು ಬೇಕು. ಮಗಳು ಹುಲಗಿಗೆ ಮಾತು ತಡೆಯುತ್ತಿತ್ತು. ಎಲ್ಲ ಮಾತಿಗಿಂತ ಹೆಚ್ಚಾಗಿ ನಿಮ್ಮ ಅವ್ವನ ಹೆಸರೇ ಆದ ಅವಳ ಸ್ವಂತ ಹೆಸರು ತಡೆಯುತ್ತಿತ್ತು. ಸಾಲಿಯಲ್ಲಿ ಯಾರಾದರೂ ಹೆಸರು ಕೇಳಿದರೆ ಅವಳು 'ಹು' ಎಂದು ನಿಲ್ಲುವುದು, ಇಡೀ ವರ್ಗ ಒಂದೇ ರಾಗದಲ್ಲಿ "ಲಗಮ್ಮಾ" ಎಂದು ಮುಗಿಸುವುದು. ಕೆಟ್ಟ ಮಕ್ಕಳೇನಲ್ಲ ಅವು, ಸಹಾಯ ಮಾಡುತ್ತಿದ್ದೇವೆಂದೇ ತಿಳಿದಿದ್ದವು. ಹುಲಗಿ ಒಂದು ದಿನ ಪಾಟಿಚೀಲ ಅಟ್ಟದ ಮೇಲೆ ಎಸೆದು ಇಳಿಸಲೇ ಇಲ್ಲ. ಬಿ.ಎ. ಕನ್ನಡ ಮೇಜರ್ ಮಾಡಿದ ತಾಯಿ ಮನೆಯಲ್ಲೇ ಇರುವಾಗ ಇನ್ನೇನು ಎಂದು ನಾನು ಕರಿಹಲಗೆ ತಂದೆ, ಅಕ್ಕನ ಹಿಂದೆಯೇ ತಮ್ಮನೂ ಸಾಲಿ ಬಿಟ್ಟು ಬಂದು ಕೂತ. ಹೋದ ದೀಪಾವಳಿಗೆ ಬಂದಾಗ ನೀವು ಅಂದಿರಿ: "ಸಾಕು ಈ ಮನಿಸಾಲಿ. ಜೂನಿಗೆ ಹುಡುಗೀನ ಸಾಲಿಗೆ ಹಾಕೂಣು." ನಾನಂದೆ: ಅವಳ ಹೆಸರು ಅವಳ ಬಾಯಿಂದ ನಾಲ್ಕು ಮಂದಿಯ ಎದುರಿಗೆ ಬರುವ ತನಕ ಸಾಲಿಯ ಸುದ್ದಿ ತೆಗೆಯಬೇಡಿ. ನೀವು ಒಪ್ಪಿದಿರಿ. ಎರಡು ದಿನ ಮಾತು ಬಿಟ್ಟು ಒಪ್ಪಿದಿರಿ, ಆದರೂ ಒಪ್ಪಿದಿರಿ.

ಲೆಕ್ಕ ಹಲಗೆಯ ಮೇಲಿದ್ದರೆ ಮಕ್ಕಳಿಗೆ ನಿದ್ದೆ ಬರುತ್ತದೆ, ಕೈಯಲ್ಲಿದ್ದರೆ ಬರುವುದಿಲ್ಲ ಎಂದು ವ್ಯಾಪಾರದ ಪಾಠ ಶುರು ಮಾಡಿದವಳು ನಾನು. ಇದನ್ನು ಅಡಿಗೆರೆ ಹಾಕಿ ಓದಿಕೊಳ್ಳಿ. ನಮ್ಮವ್ವನಿಂದ ಕಲಿತ ಕೌದಿ ಹೊಲಿಗೆಯನ್ನು ಇಬ್ಬರಿಗೂ ಕಲಿಸಿದವಳೂ ನಾನೇ. ಹಳೆ ಸೀರೆ ಎಲ್ಲಿ ಸಿಗುತ್ತದೆ, ಯಾವ ಅರಿವೆ ಬಣ್ಣ ಬಿಡುತ್ತದೆ, ನೂಲಿಗೆ ಎಷ್ಟು ಹೋಯಿತು, ಎರಡು ದಿನ ಬೆರಳು ಚುಚ್ಚಿಸಿಕೊಂಡದ್ದನ್ನು ಬೆಲೆಯಲ್ಲಿ ಹೇಗೆ ಹಿಡಿಯಬೇಕು, ಎಲ್ಲ ನನ್ನ ಪಾಠ. ದೊಡ್ಡ ಕೌದಿ ಮಕ್ಕಳ ಕೈಲಾಗದೆಂದು ತೊಟ್ಟಿಲಿಗೆ ಹಾಸುವ ಸಣ್ಣ ಕೌದಿ ಹೊಲಿಯೋಣ ಎಂದು ಯೋಚಿಸಿದವಳೂ ನಾನು. ಅವನ್ನು ಮಾರಲು ಮೊದಲ ಸಲ ಸಂತೆಗೆ ಹೊರಡುವ ಹಿಂದಿನ ದಿನ ಇಬ್ಬರೂ ಅಂಗಡಿಗೆ ನಿಮ್ಮ ಹೆಸರಿಟ್ಟು ರಟ್ಟಿನ ಮೇಲೆ ಬರೆದು ತಂದು ತೋರಿಸಿದರು: 'ದೇವೇಂದ್ರ ಕೌದಿ ಕೇಂದ್ರ'. ನಿಮಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ, ಅಂಗಿಯ ಗುಂಡಿ ಕಿತ್ತರೆ ಪಿನ್ನು ಚುಚ್ಚಿಕೊಂಡು ಡ್ಯೂಟಿಗೆ ಹೋಗುತ್ತೀರಿ. ಆದರೂ ಪ್ರಾಸ ಕೂತಿರುವುದು ಚೆನ್ನಾಗಿ ಕೂತಿದೆ, ಏನು ಮಾಡಲಿ? ಅನ್ನಪೂರ್ಣ ಎಂಬುದಕ್ಕೆ ಏನಾದರೂ ಹೊಂದಿಸೋಣವೆಂದು ನಾನೂ ಯತ್ನಿಸಿದೆ. ಅಜೀರ್ಣ ಒಂದೇ ಸಿಕ್ಕಿತು.

ಆ ರಟ್ಟಿನ ಕೆಳಗೆ ನನ್ನದೂ ಒಂದಿರಲಿ ಎಂದು ಎರಡು ಸಾಲು ಬರೆದುಕೊಟ್ಟಿದ್ದೆ:

ಅಜ್ಜಿಯ ಸೀರೆಯ ನೆನಪಿನ ಮಡಿಲು,
ಕೂಸಿನ ನಿದ್ದೆಗೆ ಮೆತ್ತನೆ ಒಡಲು.

ವಿರೂಪಾಕ್ಷಿ ಓದಿ, "ಅವ್ವಾ, ಇದು ಮದುವಿ ಕಾರ್ಡಿನ್ಯಾಗ ಬರದಂಗ ಐತಿ" ಅಂದ. ಒಂಬತ್ತು ವರ್ಷದ ಹುಡುಗನಿಗೆ ವಿಮರ್ಶೆ ಯಾರು ಕಲಿಸಿದರೋ. ಮೊದಲೆರಡು ಸಂತೆಯಲ್ಲಿ ಜನ ಬಂದರು, ನೋಡಿದರು, ಮುಟ್ಟಿದರು, ಹೋದರು. ಹುಲಗಿ ಬಾಯಿ ಬಿಡಲಿಲ್ಲ. ನಮ್ಮ ಓಣಿಯ ಹೊಳಿಯಮ್ಮ, ಪಕ್ಕದಲ್ಲೇ ಕಸಬರಿಗೆ ಹಚ್ಚಿಕೊಂಡು ಕೂರುತ್ತಾಳಲ್ಲ, ಅವಳು ನನಗೆ ಕೇಳುವಂತೆಯೇ ಅಂದಳು: "ಬಿ.ಎ. ಓದಿದಾಕಿ ಮಕ್ಕಳನ್ನ ಸಾಲಿ ಬಿಡಿಸಿ ಸಂತ್ಯಾಗ ಕುಂದ್ರಿಸ್ಯಾಳ. ನಾವು ಓದಲಾರದಕ್ಕ ಕುಂತೀವಿ, ಇವ್ರು ಓದಿ ಕುಂತಾರ." ಅವಳದೂ ಪ್ರಾಸವಾಗಿತ್ತು.

ಆಗ, ಶಿವರಾತ್ರಿಯ ಹೊತ್ತಿಗೆ, ನೀವು ಫೋನಿನಲ್ಲಿ ನಡುವೆ ಬಂದಿರಿ. ಬಾಗಿಲ ಸಂದಿಯಿಂದ ಕೇಳಿಸಿಕೊಂಡೆ, ಸುಳ್ಳು ಯಾಕೆ ಹೇಳಲಿ. "ಮಾತಾಡಬ್ಯಾಡವಾ, ಹಾಡಿದಂಗ ಅನ್ನು. ಬಸ್‌ಸ್ಟ್ಯಾಂಡಿನ್ಯಾಗ ಶೇಂಗಾ ಮಾರೋ ರಾಗ ಐತಲ್ಲ, ಆ ರಾಗ." ಆಮೇಲೆ ನೀವೇ ಕೂಗಿ ತೋರಿಸಿದಿರಿ:

ಹಾಸಿದ್ರ ಮೆತ್ತಗ, ಹೊದ್ರ ಬೆಚ್ಚಗ,
ಅಳೋ ಕೂಸು ಆಗತೈತಿ ತೆಪ್ಪಗ!

ಮುಂದಿನ ಸಂತೆಯಲ್ಲಿ ಹುಲಗಿ ಅದನ್ನು ಕೂಗಿದಳು. ಒಂದು ಅಕ್ಷರವೂ ತಡೆಯಲಿಲ್ಲ. ತಂದ ಕೌದಿಯೆಲ್ಲ ಮಧ್ಯಾಹ್ನದೊಳಗೆ ಖಾಲಿ. ಬಸ್ಸಿನ ಬೋರ್ಡು ಬಿಟ್ಟು ಬೇರೇನನ್ನೂ ಮನಸ್ಸಿಟ್ಟು ಓದದ ಮನುಷ್ಯ ನೀವು. ಜನ್ಮದಲ್ಲಿ ಒಂದೇ ಒಂದು ಪ್ರಾಸ ಕಟ್ಟಿದಿರಿ, ಅದು ಕೌದಿಯನ್ನೂ ಮಾರಿತು, ಎರಡು ವರ್ಷ ನಾನು ಪಕ್ಕದಲ್ಲಿ ಕೂತು ಬಿಡಿಸಲಾಗದ ಗಂಟನ್ನೂ ಬಿಡಿಸಿತು. ಮಗಳು ಬಾಯಿ ಬಿಟ್ಟಳೆಂದು ಕಣ್ಣು ತುಂಬಿ ಬಂತು. ಬಿಡಿಸಿದ್ದು ನಾನಲ್ಲವಲ್ಲ ಎಂದು ಅದೇ ಕಣ್ಣು ಉರಿಯಿತು. ಮನೆಗೆ ಬಂದು, ಮೆತ್ತಗ–ಬೆಚ್ಚಗ–ತೆಪ್ಪಗ ಎಂಬುದು ನಿಯಮದ ಪ್ರಕಾರ ಪೂರ್ತಿ ಪ್ರಾಸವಲ್ಲ ಎಂದು ಮಕ್ಕಳಿಗೆ ಒಂದು ತಾಸು ಪಾಠ ಮಾಡಿದೆ. ಇಬ್ಬರೂ ತಾಳ್ಮೆಯಿಂದ ಕೇಳಿದರು. ಆಮೇಲೆ ಅದನ್ನೇ ಹಾಡಿಕೊಂಡು ಕೈಕಾಲು ತೊಳೆಯಲು ಹೋದರು.

ಅಂದಿನಿಂದ ಎಲ್ಲದಕ್ಕೂ ನೀವೇ. ಗಿರಾಕಿ ಹೊಲಿಗೆಯನ್ನು ಹೊಗಳಿದರೆ ವಿರೂಪಾಕ್ಷಿ "ನಮ್ಮಪ್ಪ ಒಡಿಶಾದಾಗ ಅದಾನ್ರಿ" ಅನ್ನುತ್ತಾನೆ, ಹೊಲಿಗೆ ಅಲ್ಲಿಂದಲೇ ರೈಲಿನಲ್ಲಿ ಬಂದಂತೆ.

ಇನ್ನು ಹೋಳಿಗೆಯ ವಿಷಯ. ಕೌದಿಯ ಅಂಚು ಹೊಲಿದು ಮುಗಿಸುವ ಮುಂಚೆ ಬೆರಳಿನಷ್ಟು ಜಾಗ ತೆರೆದಿಟ್ಟು, ಒಳಗೆ ಒಣಗಿದ ಜೋಳದ ರೊಟ್ಟಿಯ ಚೂರು ಇಟ್ಟು ಮುಚ್ಚುವುದು ನಮ್ಮವ್ವನ ರೂಢಿ. ಕೌದಿಯನ್ನು ಉಪವಾಸ ಕಳಿಸಬಾರದು, ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಹಸಿವಿನಲ್ಲಿ ಮಲಗಿಸುವುದಿಲ್ಲ ಎನ್ನುತ್ತಿದ್ದಳು. ಮಕ್ಕಳಿಗೂ ಹಾಗೆಯೇ ಕಲಿಸಿದ್ದೆ. ಬಸವ ಜಯಂತಿಯ ಮರುದಿನ, ಹಬ್ಬ ಹೇಗಾಯಿತೆಂದು ನೀವು ಫೋನು ಮಾಡಿದಾಗ ಅವರು ಅದನ್ನು ನಿಮಗೆ ಹೇಳಿದರಂತೆ. ನೀವು ಅಂದಿರಂತೆ: "ಕೂಸಿನ ಕೌದಿಗೆ ಒಣಾ ರೊಟ್ಟಿ ಯಾಕ? ಹಬ್ಬದ ಹೋಳಿಗಿ ಉಳದಾವಲ್ಲ, ಅದನ್ನ ಇಡ್ರಿ. ಕೂಸಿಗೆ ಸಿಹಿ ಕನಸು ಬೀಳ್ಲಿ." ಮಧ್ಯಾಹ್ನ ಇಬ್ಬರೂ ಮೂಲೆಯಲ್ಲಿ ಕೂತು ಪಿಸುಗುಟ್ಟುತ್ತ ಹೊಲಿಯುವುದು ಕಂಡಿತ್ತು. ಅಪ್ಪನ ಇನ್ನೊಂದು ಗುಟ್ಟು ಇರಬೇಕು, ಇವರಾಗಿ ಹೇಳುವ ತನಕ ನಾನು ಕೇಳುವುದಿಲ್ಲ ಎಂದು ಬಿಗಿದುಕೊಂಡೆ. ಕೇಳಿದ್ದರೆ ಈ ಪತ್ರ ಅರ್ಧಕ್ಕೆ ಮುಗಿಯುತ್ತಿತ್ತು. ಬೆಲ್ಲ, ಕಡಲೆಬೇಳೆ, ತುಪ್ಪ. ಮೇ ತಿಂಗಳ ಬಿಸಿಲು. ಮೇಲೆ ಹಳೆ ಸೀರೆಯ ನಾಲ್ಕು ಪದರು. ಇರುವೆಗಳಿಗೆ ಇದಕ್ಕಿಂತ ಒಳ್ಳೆಯ ಮದುವೆ ಛತ್ರ ಎಲ್ಲಿ ಸಿಗಬೇಕು?

ಹೋದ ಸಂತೆಯ ದಿನ ನಾವು ಇನ್ನೂ ಕೌದಿ ಹರವುತ್ತಿದ್ದೆವು. ಯಲಬುರ್ಗಾದಿಂದ ಒಣಮೆಣಸಿನಕಾಯಿ ಮಾರಲು ಬರುವ ತಾಜಬೀ, ಹಿಂದಿನ ವಾರ ಮೊಮ್ಮಗಳಿಗೆಂದು ನಮ್ಮಲ್ಲಿ ಕೌದಿ ಒಯ್ದವರು, ಅದನ್ನು ಗಂಟು ಕಟ್ಟಿಕೊಂಡು ಬಂದು ಮಕ್ಕಳ ಮುಂದೆ ಒಗೆದರು. "ಏನವಾ, ನೀವು ಕೌದಿ ಮಾರೀರೋ, ಇರಿವಿ ಗೂಡು ಮಾರೀರೋ? ತೊಟ್ಲಕ್ಕ ಹಾಸೀನಿ, ಕೂಸು ಕಿರಚಿ ಕಿರಚಿ ಓಣಿ ಮಂದೀನೆಲ್ಲಾ ಎಬ್ಬಿಸೈತಿ. ತೊಡಿ ನೋಡಿದ್ರ ಕೆಂಪಗ ಆಗ್ಯಾವ." ಜನ ಸೇರಿದರು. ವಿರೂಪಾಕ್ಷಿ ನನ್ನ ಬೆನ್ನಿಗೆ ಬಂದು ನಿಂತ. ತಾಜಬೀ ಹುಲಗಿಯ ಕಡೆ ತಿರುಗಿ ಅಂದರು: "ಹೆಂಗ ಹಾಡ್ತಿದ್ದಿ, ಅಳೋ ಕೂಸು ತೆಪ್ಪಗ ಆಗತೈತಿ ಅಂತ? ಈಗ ಹಾಡು ನೋಡೂಣು."

ಖರೆ ಹೇಳುತ್ತೇನೆ, ಕೌದಿಯ ಅಂಚಿನಿಂದ ಹೋಳಿಗೆಯ ತುಣುಕು ಇಣುಕಿದಾಗ ಮೊದಲು ನನಗಾದದ್ದು ಸಂತೋಷ. ಒಂದು ಕ್ಷಣದ್ದು, ಆದರೂ ಸಂತೋಷವೇ. ನೋಡಿ, ದೇವೇಂದ್ರ ಕೇಂದ್ರದ ಸಲಹೆ ಎಲ್ಲಿಗೆ ತಂದಿತು ಎಂದು. ಆ ಕೂಸಿನ ತೊಡೆ ನೆನಪಾಗಿ ಸಂತೋಷ ಇಳಿಯಿತು. ಹುಲಗಿಯ ಮುಖ ನೋಡಿ ಪೂರ್ತಿ ಇಳಿಯಿತು. ಅವಳ ಕೈಯಲ್ಲಿದ್ದ ಒಂದೇ ಹಾಡನ್ನು ತಾಜಬೀ ಕಿತ್ತುಕೊಂಡಿದ್ದರು. ಇನ್ನು ಹಾಡುವ ಹಾಗಿರಲಿಲ್ಲ, ಮಾತಾಡಲೇಬೇಕಿತ್ತು.

ನಾನು "ನೋಡ್ರೀ ತಾಜಬೀ" ಎನ್ನುತ್ತ ಏಳಲು ಹೋದೆ. ಹುಲಗಿ ನನ್ನ ಮೊಣಕಾಲಿನ ಮೇಲೆ ಕೈ ಒತ್ತಿ ತಾನೇ ಎದ್ದಳು. "ತಪ್ಪು ನಮ್ದ್ರಿ" ಎಂಬಷ್ಟು ಹೊರಗೆ ಬರುವಾಗಲೇ ಕತ್ತಿನ ನರ ಉಬ್ಬಿತ್ತು. "ನೀವು..." ಎಂದು ನಿಂತಳು. ಹೊಳಿಯಮ್ಮ ಕಸಬರಿಗೆ ಬದಿಗಿಟ್ಟು, "ರೊಕ್ಕ ತಿರುಗಿ ತಗೋರಿ ಅನ್ನಾಕತ್ಯಾಳ್ರಿ" ಅಂದಳು. ಹುಲಗಿ ತಲೆಯಾಡಿಸಿದಳು, ಅದಲ್ಲ. ವಿರೂಪಾಕ್ಷಿ ನನ್ನ ಬೆನ್ನ ಹಿಂದಿನಿಂದಲೇ, "ನೀವು ನಮ್ಮಪ್ಪನ್ನ ಕೇಳ್ರಿ ಅನ್ನಾಕತ್ಯಾಳ್ರಿ" ಅಂದ. ಅದೂ ಅಲ್ಲ. ನನ್ನ ನಾಲಗೆಯ ತುದಿಯಲ್ಲಿ "ನೀವು ಬೇರೆ ಕೌದಿ ತಗೋರಿ" ಎಂಬುದು ಸಿದ್ಧವಾಗಿ ಕೂತಿತ್ತು. ಮೊಣಕಾಲಿನ ಮೇಲೆ ಅವಳ ಬೆರಳಿನ ಒತ್ತು ಇನ್ನೂ ಇದ್ದಂತೆ ಅನ್ನಿಸಿ ನುಂಗಿಕೊಂಡೆ. ತಾಜಬೀ ಎಲೆಅಡಿಕೆಯ ಚೀಲ ಬಿಚ್ಚಿ, ಹೊಳಿಯಮ್ಮನಿಗೆ, "ಸುಮ್ನಿರಬೇ, ಹುಡುಗಿ ಹೇಳಾಕತೈತಿ" ಅಂದರು. ಎಲೆಗೆ ಸುಣ್ಣ ಹಚ್ಚುತ್ತ ಕಾದರು.

ಅವಳು ಹೇಳಿದ ಮಾತನ್ನು ತಡೆದು ತಡೆದು ಬಂದ ಹಾಗೆಯೇ ಬರೆಯುವುದಿಲ್ಲ, ಹಾಗೆ ಬರೆದು ನಗಿಸುವ ಕೆಲಸ ನನ್ನದಲ್ಲ. ಬಂದದ್ದು ಇದು: "ನೀವು ಇಲ್ಲೇ ಕುಂದ್ರಿ. ನಿಮ್ಮ ಕಣ್ಣ ಮುಂದ ಬಿಚ್ಚಿ, ಜಾಡಿಸಿ, ಹೊಳ್ಳಿ ಹೊಲದು ಕೊಡ್ತೀನಿ. ಒಳಗ ಏನಿಟ್ಟೀನಿ ಅಂತ ನೋಡಲಿಲ್ಲಾಂದ್ರ ನೀವು ಇನ್ನ ನಮ್ಮ ಕೌದಿ ಮ್ಯಾಲೆ ಕೂಸಿನ್ನ ಹಾಕಂಗಿಲ್ಲ." ಇಷ್ಟು ಹೇಳಿ ಮುಗಿಯುವಷ್ಟರಲ್ಲಿ ತಾಜಬೀಯವರ ಎಲೆ ಮಡಚಿ ಬಾಯಿಗೆ ಹೋಗಿ ಅರ್ಧ ಕರಗಿತ್ತು. ನಾವು ಮೂವರೂ ಮೂರು ಮಾತು ಸಿದ್ಧ ಮಾಡಿ ಇಟ್ಟಿದ್ದೆವಲ್ಲ, ಅದರಲ್ಲಿ ಒಂದೂ ಅವಳ ಮಾತಾಗಿರಲಿಲ್ಲ. ವ್ಯಾಪಾರವನ್ನು ಪಾಠ ಮಾಡಿದ ನನಗೂ ಅದು ಹೊಳೆದಿರಲಿಲ್ಲ.

ತಾಜಬೀ ನಮ್ಮ ಗೋಣಿತಟ್ಟಿನ ಮೇಲೆಯೇ ಕೂತರು. ಹುಲಗಿ ದಾರ ಬಿಚ್ಚಿದಳು, ಜಾಡಿಸಿದಳು, ಬಿಸಿಲಿಗೆ ಹಾಕಿದಳು. ನನ್ನ ಬುತ್ತಿಯಿಂದ ಒಣರೊಟ್ಟಿಯ ಚೂರು ಮುರಿದು ತಾಜಬೀಯವರ ಕೈಯಲ್ಲೇ ಒಳಗೆ ಇಡಿಸಿ, ಅಂಚು ಮುಚ್ಚಿದಳು. ಹೊಲಿದು ಮುಗಿಯುವ ತನಕ ಯಾರೂ ಹಾಡಲಿಲ್ಲ. ಹೋಗುವಾಗ ತಾಜಬೀ ಕೇಳಿದರು, "ಹೆಸರೇನವಾ ನಿಂದು?" ಸುತ್ತ ಇನ್ನೂ ಜನವಿದ್ದರು. ಹುಲಗಿ ಕಣ್ಣು ಮುಚ್ಚಿದಳು, ಮೊದಲ ಅಕ್ಷರದಲ್ಲಿ ಸಿಕ್ಕಿಬಿದ್ದಳು, ಮತ್ತೆ ಸಿಕ್ಕಿಬಿದ್ದಳು, ಆಮೇಲೆ ಕಣ್ಣು ತೆರೆದು ಪೂರ್ತಿ ಹೇಳಿದಳು. ಹುಲಗಮ್ಮ. ತಾಜಬೀ ಕೌದಿಯನ್ನು ಹೆಗಲಿಗೆ ಹಾಕಿಕೊಂಡು, "ಹೆಸರು ದೊಡ್ಡದೈತಿ, ಹೊಲಿಗಿ ಸಣ್ಣದೈತಿ. ಎರಡೂ ಛಲೋ ಆದವು" ಎಂದು ಮೆಣಸಿನಕಾಯಿ ಕಡೆ ನಡೆದರು. ಹೋಳಿಗೆ ಇಟ್ಟ ಕೌದಿ ಕೊಂಡವರು ಇನ್ನೂ ಇಬ್ಬರಿದ್ದಾರೆ. ಬರುವ ಸಂತೆಯಲ್ಲಿ ಅವರನ್ನು ತಾನೇ ಹುಡುಕಿ ಬಿಚ್ಚಿಕೊಡುತ್ತಾಳಂತೆ. ಹೊಳಿಯಮ್ಮ ಅವತ್ತಿಂದ ಓದಿನ ಸುದ್ದಿ ತೆಗೆದಿಲ್ಲ. ಮೊಮ್ಮಗನಿಗೆ ಒಂದು ಕೌದಿ ಬೇಕಂತೆ, ಒಳಗೆ ಏನೂ ಇಡಬಾರದಂತೆ.

ಆದದ್ದಿಷ್ಟು. ಇದರಲ್ಲಿ ನಿಮ್ಮ ಪಾಲು ಇರುವೆ, ಅವಳ ಪಾಲು ಮಾತು, ನನ್ನ ಪಾಲು ಸುಮ್ಮನೆ ಕೂತದ್ದು. ಮಾತಿನವಳಿಗೆ ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ನಿಮಗೆ ತಿಳಿಯದು, ನೀವು ಹುಟ್ಟಿದ್ದೇ ಸುಮ್ಮನೆ. ಬೋರ್ಡಿನಲ್ಲಿ ನಿಮ್ಮ ಹೆಸರು ಹಾಗೆಯೇ ಇದೆ, ಅಳಿಸಿರಿ ಎಂದು ನಾನು ಹೇಳಿಲ್ಲ. ಕೆಳಗೆ 'ಒಳಗೆ ಒಣರೊಟ್ಟಿ ಮಾತ್ರ' ಎಂದು ಹುಲಗಿ ಹೊಸದಾಗಿ ಬರೆದಿದ್ದಾಳೆ. ಪ್ರಾಸವಿಲ್ಲ. ಆದರೂ ಜನ ಓದುತ್ತಾರೆ.

ಮಕ್ಕಳಿಬ್ಬರೂ ನಿಮ್ಮ ಕಾಲಿಗೆ ನಮಸ್ಕಾರ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ, ಸೊಂಟಕ್ಕೆ ದಿಂಬು ಹಾಕಿರಿ. ಹುಲಿಗೆಮ್ಮ ತಾಯಿ ನಿಮ್ಮನ್ನು ಆ ಎತ್ತರದಲ್ಲಿ ಬೀಳದಂತೆ ಹಿಡಿದಿರಲಿ, ಇಳಿದ ಮೇಲೆ ಹಿಡಿದುಕೊಳ್ಳಲು ನಾನಿದ್ದೇನೆ.

ನಿಮ್ಮ,
ಅನ್ನಪೂರ್ಣ

ತಾ.ಕ.: ಶಾನವಾಜ ಬಂದು ಹೊಸ್ತಿಲಲ್ಲಿ ಕೂತಿದ್ದಾನೆ. ಚಹಾ ಅರ್ಧ ಕುಡಿದಾಯಿತು, "ರೈಲು ತಪ್ಪತೈತ್ರಿ ಅಕ್ಕಾರ" ಎನ್ನುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅವತ್ತು ಸಂತೆ ಮುಗಿಸಿ ಗೋಣಿತಟ್ಟು ಮಡಚುವಾಗ ಹುಲಗಿ ಅಂದಳು, "ಅವ್ವಾ, ಜೂನಿಗೆ ನಾ ಸಾಲಿಗೆ..." ಎಂದು ನಿಂತಳು. ನಾನು ಕೂಡಲೇ "ಹೋಗಂಗಿಲ್ಲ" ಎಂದು ಮುಗಿಸಿಕೊಟ್ಟೆ. ಅಷ್ಟೆಲ್ಲ ಕಣ್ಣಾರೆ ನೋಡಿ ಒಂದು ದಿನವೂ ಆಗಿರಲಿಲ್ಲ. ಅವಳು ತಟ್ಟು ಕೆಳಗಿಟ್ಟಳು, ಕಾದಳು, ಮತ್ತೆ ಮೊದಲಿನಿಂದ ಹೇಳಿದಳು: "ಜೂನಿಗೆ ನಾ ಸಾಲಿಗೆ ಹೋಗ್ತೀನಿ." ಕೊನೆಗೂ ನೀವೇ ಗೆದ್ದಿರಿ. ನಾನು ಹಾಕಿದ ಶರತ್ತು ನಾನೇ ಮುರಿಯಲಾರೆ. ನನ್ನ ಕರಿಹಲಗೆಯ ಮುಂದೆ ಇನ್ನು ವಿರೂಪಾಕ್ಷಿ ಒಬ್ಬನೇ, ಅವನೂ ಬಾಗಿಲ ಕಡೆ ನೋಡುತ್ತಿದ್ದಾನೆ. ಬರುವ ರವಿವಾರ ಇದನ್ನು ನಿಮಗೆ ತಾನೇ ಹೇಳುತ್ತಾಳಂತೆ, ನಾನು ತಿಳಿಸಿದ್ದೇನೆಂದು ಅವಳಿಗೆ ಗೊತ್ತಾಗಬಾರದು. ಹೊತ್ತು ಹಿಡಿಯುತ್ತದೆ, ಶಿಫ್ಟು ನೋಡಿಕೊಂಡು ಫೋನು ಮಾಡಿ. ಹಾಡಲು ಹೇಳಬೇಡಿ. ನಡುವೆ ನಿಂತರೆ ನೀವೂ ನಿಲ್ಲಿ, ಒಂದು ಅಕ್ಷರವನ್ನೂ ಮುಗಿಸಿಕೊಡಬೇಡಿ. ಮೊದಲ ಸಲ ಕೇಳಿದವರಂತೆ ಕೇಳಿ. ಮೊದಲು ಕೇಳಿದವಳು ನಾನು, ಅದೊಂದನ್ನು ಮಾತ್ರ ನಿಮಗೆ ಬಿಟ್ಟುಕೊಡುವುದಿಲ್ಲ.